ದುಂಡವ್ವ ಹೇಳದ ಎರಡು ಪದ

ಏಕಸಂಬಿಯ ಆಜುಬಾಜಿನಲ್ಲಿ ಎಲ್ಲೇ ಮದುವೆಯಾಗಲಿ, ಒಡಪಿನ ಹೊತ್ತಿಗೆ ಹೆಂಗಸರೆಲ್ಲ ದುಂಡವ್ವನನ್ನು ಹುಡುಕುತ್ತಿದ್ದ ಕಾಲವೊಂದಿತ್ತು. ಈ ಸೀಮೆಯ ಹೆಂಡಂದಿರು ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಿಬಿಟ್ಟು ಹೇಳುವವರಲ್ಲ. ಹೇಳಿದರೆ ಅವನ ಆಯುಷ್ಯಕ್ಕೆ ಕುಂದು ಎಂದು ಅತ್ತೆಯಂದಿರು ಹೆದರಿಸಿಟ್ಟಿದ್ದಾರೆ. ಆದರೆ ಶುಭಕಾರ್ಯದ ದಿನ ನಾಲ್ಕು ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳ, ಆಮ್ಯಾಲ ಒಳಗ ಹೋಗು" ಎಂದು ಪಟ್ಟು ಹಿಡಿದರೆ ಮಾತು ಬೇರೆ. ಆಗ ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಕೂರಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಗಟ್ಟಿಯಾಗಿ ಹೇಳಬೇಕು. ಅದೇ ಒಡಪು. ಉಳಿದವರು ಅಜ್ಜಿಯಿಂದ ಕಲಿತ ಹಳೆಯದನ್ನೇ ಮತ್ತೆ ಮತ್ತೆ ಒಪ್ಪಿಸುತ್ತಿದ್ದರೆ ದುಂಡವ್ವ ನಿಂತ ಕಾಲಲ್ಲೇ ಹೊಸದು ಕಟ್ಟುತ್ತಿದ್ದಳು.

"ತವರಮನಿ ಬಾವಿ ನೀರ ತಣ್ಣಗ, ಅತ್ತಿಮನಿ ಹೊಲದ ಕಬ್ಬ ಸಣ್ಣಗ, ಬಾಳೇಶರು ನಕ್ಕರ ಅಂಗಳೆಲ್ಲ ಬೆಳ್ಳಗ!" ಎಂದು ಒಮ್ಮೆ ಹೇಳಿದ್ದಕ್ಕೆ, ಮನೆಯ ಕಬ್ಬನ್ನು ಮಂದಿಯ ಮುಂದೆ ಸಣ್ಣದು ಅಂದಳಲ್ಲ ಎಂದು ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಗಂಡ ಬಾಳೇಶನಿಗಿದ್ದದ್ದು ಎರಡೆಕರೆ ಹೊಲ, ಹದಿನೈದು ಆಡು, ಒಂದು ದಪ್ಪ ಮೀಸೆ. ಅಂಗಳ ಬೆಳ್ಳಗಾಗುವಷ್ಟು ನಗುವ ಆಸಾಮಿಯೇನೂ ಅಲ್ಲ. ಆದರೂ ಮದುವೆಮನೆಯ ಹಂದರದಲ್ಲಿ ಗಂಡಸರ ನಡುವೆ ಕೂತು, ಒಳಗಿನಿಂದ ತನ್ನ ಹೆಸರು ಬರುವುದನ್ನು ಕಿವಿ ನಿಮಿರಿಸಿ ಕಾಯುತ್ತಿದ್ದ. ಬಂದ ಕೂಡಲೇ ಏನೂ ಕೇಳಿಸದವನ ಹಾಗೆ ಮೀಸೆ ತಿರುವುತ್ತಿದ್ದ. ಕಾಯದೆ ಏನು ಮಾಡಿಯಾನು? ಮನೆಯಲ್ಲಿ ಅವನು ವರ್ಷವಿಡೀ ಬರೀ "ಏನ್ರೀ" ಮತ್ತು "ಇಲ್ಲೆ ನೋಡ್ರಿ".

ದುಂಡವ್ವನಿಗೆ ಇನ್ನೊಂದು ಅಭ್ಯಾಸವಿತ್ತು, ಮಿಶ್ರಿ. ತಂಬಾಕನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆಳಗಾಗೆದ್ದು ಹಲ್ಲಿಗೂ ವಸಡಿಗೂ ತಿಕ್ಕುವುದು. ನಿಪ್ಪಾಣಿಯ ತಂಬಾಕಿನ ಸೀಮೆಯಲ್ಲಿ ಅದನ್ನು ಚಟ ಎಂದರೆ ಹೆಂಗಸರು ಜಗಳಕ್ಕೇ ಬರುತ್ತಾರೆ. ಅವರ ಲೆಕ್ಕದಲ್ಲಿ ಅದು ಹಲ್ಲುಪುಡಿ. ಆರು ವರ್ಷದ ಹಿಂದೆ ಎಡಗಡೆಯ ಕೆಳವಸಡಿನಲ್ಲಿ ಎದ್ದ ಹುಣ್ಣೊಂದು ಮಾಯಲೇ ಇಲ್ಲ. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಕ್ಯಾನ್ಸರ್ ಎಂದರು. ದವಡೆಯ ಒಂದು ಅಂಚನ್ನೂ ನಾಲ್ಕು ಹಲ್ಲುಗಳನ್ನೂ ತೆಗೆದು, ಆಮೇಲೆ ಮೂವತ್ತು ಸಲ ಕರೆಂಟು, ಅಂದರೆ ರೇಡಿಯೇಷನ್ನು, ಕೊಟ್ಟರು. ಬಾಳೇಶ ತನ್ನ ಆಡುಗಳನ್ನು ತಂಗಿ ಮಲಕವ್ವನ ಮನೆಗೆ ಹೊಡೆದುಬಿಟ್ಟು, ವಾರ್ಡಿನ ಬಾಗಿಲಲ್ಲಿ ಕಂಬಳಿ ಹಾಸಿ ಕೂತವನು ಹೆಂಡತಿಯನ್ನು ಎಬ್ಬಿಸಿಕೊಂಡೇ ಊರಿಗೆ ಬಂದ.

ಬದುಕಿದ್ದು ದೊಡ್ಡದು. ಅದನ್ನು ದುಂಡವ್ವ ದಿನಾ ಬೆಳಿಗ್ಗೆ ಒಲೆ ಹಚ್ಚುವಾಗ ನೆನೆಯುತ್ತಿದ್ದಳು. ಆದರೆ ಬಾಯಿ ಮೊದಲಿನ ಬಾಯಾಗಿ ಉಳಿಯಲಿಲ್ಲ. ಕಿತ್ತ ಹಲ್ಲುಗಳ ಜಾಗಕ್ಕೆ ಅಕ್ಕಪಕ್ಕದವು ವಾಲಿಕೊಂಡವು, ಮಾಗಿದ ಗಾಯ ಬಿಗಿದು ಕೆಳತುಟಿಯನ್ನು ಎಳೆಯಿತು, ಮೇಲಿನ ಮುಂಬಲ್ಲುಗಳು ಹೊರಗೆ ಚಾಚಿದವು. ತುಟಿಗೆ ತುಟಿ ಕೂಡದಾಯಿತು. ಉಣ್ಣುವಾಗ ಬಾಯಿಯ ಮೂಲೆಯಿಂದ ಸಾರು ಸೋರಿ ಕುಪ್ಪಸ ತೊಯ್ಯುತ್ತಿತ್ತು. ತುಟಿ ಕೂಡದವರ ಬಾಯಲ್ಲಿ ಪ, ಬ, ಮ ಅಕ್ಷರಗಳು ಹುಟ್ಟುವುದಿಲ್ಲವೆಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಬಸ್ಸು ವಸ್ಸಾಯಿತು, ನಾದಿನಿ ಮಲಕವ್ವ ವಲಕವ್ವ ಆದಳು.

ಆಪರೇಷನ್ ಆದ ಮರುವರ್ಷ ಕೊಗನೊಳ್ಳಿಯಲ್ಲಿ ನೆಂಟರ ಮದುವೆ. ಹೆಂಗಸರು ಪ್ರೀತಿಯಿಂದಲೇ ಅವಳನ್ನು ಮುಂದೆ ನೂಕಿದರು. ದುಂಡವ್ವ ಚೆಂದದ ಒಡಪನ್ನೇ ಕಟ್ಟಿದಳು, ಕೊನೆಗೆ ಹೆಸರು ಮಾತ್ರ "ವಾಳೇಶ" ಎಂದು ಹೊರಬಿತ್ತು. ಹಿಂದೆ ನಿಂತ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಅವಳನ್ನು ನೋಡಿ ಇನ್ನಿಬ್ಬರು. ಮಲಕವ್ವ ಆ ಹುಡುಗಿಯ ಬೆನ್ನಿಗೆ ಒಂದು ಗುದ್ದು ಕೊಟ್ಟಳಾದರೂ ನಗು ಆಗಿಹೋಗಿತ್ತು. ಹಂದರದಲ್ಲಿ ಬಾಳೇಶ ಎಂದಿನಂತೆ ಮೀಸೆಯ ಮೇಲೆ ಕೈ ಇಟ್ಟವನು ಹಾಗೇ ಕೈ ಇಳಿಸಿದ. ಕಿಟಕಿಯಿಂದ ದುಂಡವ್ವ ಅದನ್ನು ನೋಡಿದಳು. ಹುಡುಗಿಯರ ನಗುವಿಗಿಂತ ಅದೇ ಅವಳಿಗೆ ಹೆಚ್ಚು ನೋಯಿತು.

ಅಂದಿನಿಂದ ಮದುವೆಮನೆಗಳಲ್ಲಿ ಒಡಪು ಶುರುವಾದರೆ ಅವಳು ಅಡಿಗೆಮನೆ ಸೇರಿಬಿಡುತ್ತಿದ್ದಳು. ಆದರೆ ಒಂದು ದಿನ ಮಾತ್ರ ತಪ್ಪಿಸಿಕೊಳ್ಳುವಂತಿರಲಿಲ್ಲ. ಮಗ ಲಖನ ಮದುವೆಯಾಗಿ ಸೊಸೆಯನ್ನು ತಂದಾಗ ಹೊಸ್ತಿಲಲ್ಲಿ ಮೊದಲು ಅತ್ತೆ ಒಡಪು ಹೇಳಬೇಕು, ಆಮೇಲೆ ಸೊಸೆ. ಅವತ್ತಾದರೂ ಗಂಡನ ಹೆಸರು ಕೆಡಬಾರದು. ಈ ಆಸೆಯನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಸಾವಿನ ಬಾಯಿಂದ ಎದ್ದು ಬಂದವಳಿಗೆ ಇಷ್ಟು ಸಣ್ಣ ಆಸೆಯೇ ಎಂದು ಯಾರಾದರೂ ಕೇಳಿಯಾರೆಂಬ ನಾಚಿಕೆ.

ಬೆಳಗಾವಿಯ ಡಾಕ್ಟರು ನಾಲ್ಕನೇ ವರ್ಷದ ತಪಾಸಣೆಯಲ್ಲಿ "ರೋಗದ ಸುಳಿವಿಲ್ಲ, ಇನ್ನು ಹಲ್ಲು ಸರಿ ಮಾಡಿಸಿಕೋ" ಎಂದು ನಿಪ್ಪಾಣಿಯ ಒಂದು ಹಲ್ಲಿನ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಅಲ್ಲಿದ್ದವಳು ಡಾಕ್ಟರ್ ಸೌಂದರ್ಯಾ. ಮೈಸೂರು ಕಡೆಯವಳು, ಮೂವತ್ತು ದಾಟಿದ್ದರೆ ಹೆಚ್ಚು, ಮಾತು ಕಡಿಮೆ, ಕೈ ಮೆತ್ತಗೆ. ಬಾಯೊಳಗೆ ಲೈಟು ಬಿಟ್ಟು ಬಹಳ ಹೊತ್ತು ನೋಡಿದಳು.

"ಇದು ಕರೆಂಟು ತಗೊಂಡಿರೋ ಮೂಳೆ ಅಮ್ಮಾ. ಇಲ್ಲಿ ಇನ್ನೊಂದು ಹಲ್ಲು ಕೀಳೋ ಹಾಗಿಲ್ಲ, ಜೋರಾಗಿ ಎಳೆಯೋ ಹಾಗೂ ಇಲ್ಲ. ಸಣ್ಣ ತಂತಿ ಹಾಕಿ ನಿಧಾನಕ್ಕೆ ಸರಿಸ್ತೀನಿ. ಎರಡು ವರ್ಷ ಹಿಡಿಬಹುದು. ನೀವು ಮಿಶ್ರಿ ಮುಟ್ಟಿದ್ರೆ ನಾನು ನಿಮ್ಮ ಹಲ್ಲು ಮುಟ್ಟಲ್ಲ."

"ಆ ಹೆಣಾನ ಯಾರ ವುಟ್ಟತಾರ ವಿಡ್ರಿ" ಎಂದಳು ದುಂಡವ್ವ.

"ನಿಮಗೆ ಮುಖ್ಯವಾಗಿ ಏನಾಗಬೇಕು?"

ದುಂಡವ್ವ ಸೆರಗಿನ ತುದಿ ತಿರುವಿದಳು. "ರೊಟ್ಟಿ ತಿನ್ನವೇಕ್ರಿ" ಎಂದಳು. ಸುಳ್ಳಲ್ಲ, ಅರ್ಧ ನಿಜ.

ಐವತ್ತರ ಹತ್ತಿರದ ಹೆಂಗಸಿನ ಬಾಯಲ್ಲಿ ಹೊಳೆಯುವ ತಂತಿ ಕಂಡು ಊರು ಸುಮ್ಮನಿರುತ್ತದೆಯೇ? "ಏನ ವೈನಿ, ಚಿಕ್ಕೋಡಿ ಕಾಲೇಜಿಗಿ ಹೆಸರ ಹಚ್ಚೀಯೇನ?" ಎಂದು ಮಲಕವ್ವ ಬಾವಿಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ ಅತ್ತಿಗೆಯ ಕಾಲೆಳೆದಳು. "ಹೌದವಾ, ನೀನೂ ಹಚ್ಚು, ಜೋಡೀಲೆ ಹೋಗೂಣು" ಎಂದು ದುಂಡವ್ವ ಹಲ್ಲು ಪೂರ್ತಿ ತೋರಿಸಿಯೇ ಉತ್ತರ ಕೊಟ್ಟಳು. ಕಾಯಿಲೆಯ ಬಾಯಿ ಎಂದು ಕಣ್ಣು ತಪ್ಪಿಸುತ್ತಿದ್ದವರು ಈಗ ಹತ್ತಿರ ಬಂದು ಬಗ್ಗಿ ನೋಡುತ್ತಿದ್ದರು. ಅದು ಅವಳಿಗೆ ಹಿತವಾಗಿಯೇ ಇತ್ತು.

ತಿಂಗಳಿಗೊಮ್ಮೆ ಗಂಡ ಹೆಂಡಿರು ಬಸ್ಸು ಹಿಡಿದು ನಿಪ್ಪಾಣಿಗೆ ಹೋಗುವರು. ಬಾಳೇಶ ಹೊರಗಿನ ಬೆಂಚಿನಲ್ಲಿ, ದುಂಡವ್ವ ಒಳಗೆ ಕುರ್ಚಿಯಲ್ಲಿ. ತಂತಿ ಬಿಗಿಸಿದ ಎರಡು ದಿನ ಹಲ್ಲು ಜುಂ ಎನ್ನುವುದು, ಮೂರನೆಯ ದಿನಕ್ಕೆ ಸುಮ್ಮನಾಗುವುದು. ವಾಲಿದ ಹಲ್ಲುಗಳು ಒಂದೊಂದಾಗಿ ಎದ್ದು ನಿಂತವು. ಎಂಟನೆಯ ತಿಂಗಳಿಗೆ ಸಾರು ಸೋರುವುದು ನಿಂತಿತು. ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ, ಹಾಲಿನಲ್ಲಿ ನೆನೆಸದ ಜೋಳದ ರೊಟ್ಟಿಯ ಅಂಚನ್ನು ಬಲಗಡೆಯ ಹಲ್ಲಿಂದ ಮುರಿದು, ಅಗಿದು, ನುಂಗಿದಳು. ಎದುರಿಗೆ ಕೂತ ಬಾಳೇಶ ತನ್ನ ತಾಟಿನ ರೊಟ್ಟಿಯನ್ನೂ ಅವಳ ತಾಟಿಗೆ ಹಾಕಿದ.

ಸೌಂದರ್ಯಾ ಡಾಕ್ಟರದ್ದು ಇನ್ನೊಂದು ಪದ್ಧತಿ. ಹಲ್ಲು ಸರಿದರೆ ಸಾಲದು, ಮಾತೂ ಸರಿಯಾಗಬೇಕು. ಅದಕ್ಕಾಗಿ ಒಂದು ಹಾಳೆ ಮಾಡಿಕೊಂಡಿದ್ದಳು. ಅದರಲ್ಲಿ ಐದು ಚಿತ್ರ: ಬಸ್ಸು, ಬೆಲ್ಲ, ಪಪ್ಪಾಯಿ, ಮೊಬೈಲು, ಬಾಳೆಹಣ್ಣು. ಆರನೆಯದು ಮನೆಯವರ ಹೆಸರು. ಗಂಡಸಾದರೆ ಹೆಂಡತಿಯದು, ಹೆಂಗಸಾದರೆ ಗಂಡನದು. ದಿನಾ ಕರೆಯುವ ಹೆಸರು ಯೋಚನೆಯಿಲ್ಲದೆ ಬಾಯಿಗೆ ಬರುತ್ತದೆ, ಹಾಗಾಗಿ ಅದರಲ್ಲಿ ಮಾತಿನ ನಿಜವಾದ ಗುಣ ತಿಳಿಯುತ್ತದೆ ಎಂಬುದು ಅವಳ ತರ್ಕ. ಮೈಸೂರಿನಲ್ಲಿ ಅದು ಸರಿಯಾದ ತರ್ಕವೇ.

ಹದಿನಾಲ್ಕನೆಯ ತಿಂಗಳು ದುಂಡವ್ವ ಬಸ್ಸು ಎಂದಳು, ಬೆಲ್ಲ ಎಂದಳು, ಪಪ್ಪಾಯಿ, ಮೊಬೈಲು ಎಲ್ಲ ಸ್ವಚ್ಛವಾಗಿ ಹೇಳಿದಳು. ಬಾಳೆಹಣ್ಣಿನ ಚಿತ್ರ ಬಂದಾಗ ಒಂದು ಗಳಿಗೆ ನೋಡಿ, "ಗೊನಿ ಹಣ್ಣರಿ" ಎಂದಳು. ಗಂಡನ ಹೆಸರಿನ ಮೊದಲರ್ಧ ಅದರಲ್ಲಿದೆಯೆಂದು ಮದುವೆಯಾದ ದಿನದಿಂದ ಅವಳ ಪಾಲಿಗೆ ಅದು ಗೊನೆ ಹಣ್ಣೇ. ಸಂತೆಯಲ್ಲೂ ಹಾಗೇ ಕೇಳಿ ತರುತ್ತಿದ್ದಳು.

"ಯಜಮಾನ್ರ ಹೆಸರು?"

ದುಂಡವ್ವ ತಲೆ ತಗ್ಗಿಸಿದಳು.

"ಪರವಾಗಿಲ್ಲ, ಮೆಲ್ಲಗೆ ಹೇಳಿ."

ದುಂಡವ್ವ ಇನ್ನಷ್ಟು ತಗ್ಗಿಸಿದಳು. ಡಾಕ್ಟರು ಪಾಪ ಎಂದುಕೊಂಡು ಎರಡು ತಪ್ಪು ಗುರುತು ಹಾಕಿದಳು. ಮುಂದಿನ ತಿಂಗಳೂ ಎರಡು, ಅದರ ಮುಂದೆಯೂ ಎರಡು. ಒಳಗಿದ್ದ ನರ್ಸು ಮಂಗಳೂರಿನವಳು, ಅವಳಿಗೂ ಹೊಳೆಯಲಿಲ್ಲ. ಇಷ್ಟು ಓದಿದವಳಿಗೆ ಇದೊಂದು ಗೊತ್ತಿರುವುದಿಲ್ಲವೇ ಎಂದು ದುಂಡವ್ವ ತಿಳಿದಿದ್ದಳು. ಒಂದು ದಿನ ಆ ಡಾಕ್ಟರು ಫೋನಿನಲ್ಲಿ "ಈಶ್ವರ, ಗ್ಯಾಸ್ ಬುಕ್ ಮಾಡಿದ್ಯಾ?" ಎನ್ನುವುದನ್ನು ಕೇಳಿ, ಈಶ್ವರ ಯಾರೆಂದು ನರ್ಸಿಗೆ ಕೇಳಿದಳು. ಗಂಡ ಎಂದು ತಿಳಿದಾಗ ಬಾಯಿ ತೆರೆದಂತೇ ಕೂತಳು. ಅಂದು ತಂತಿ ಬಿಗಿಸುವುದು ಸುಲಭವಾಯಿತು.

ಹತ್ತೊಂಬತ್ತನೆಯ ತಿಂಗಳು ಲಖನನ ಮದುವೆ ನಿಕ್ಕಿಯಾಯಿತು. ಹುಡುಗಿ ರಾಯಬಾಗದ ಕೋಮಲ. ಮದುವೆಗೆ ಹತ್ತು ದಿನವಿರುವಾಗ ದುಂಡವ್ವ ನಿಪ್ಪಾಣಿಗೆ ಹೋದಳು. ಡಾಕ್ಟರು ಅಳತೆ ತೆಗೆದಳು. ಹಲ್ಲು ಸಾಲಿಗೆ ಬಂದಿದ್ದವು, ತುಟಿಗಳು ತಾವಾಗಿಯೇ ಕೂಡುತ್ತಿದ್ದವು. ಹಾಳೆಯಲ್ಲಿ ಮಾತ್ರ ಮತ್ತೆ ಅದೇ ಎರಡು ತಪ್ಪು. ಈ ಸಲ ಅವಳು ಬಾಳೇಶನನ್ನು ಒಳಗೆ ಕರೆಸಿದಳು.

"ನೋಡಿ ಯಜಮಾನ್ರೇ, ಹಲ್ಲಿನ ಕೆಲಸ ಮುಗೀತಾ ಬಂತು. ಆದರೆ ಎರಡು ಪದ ಐದಾರು ತಿಂಗಳಾದ್ರೂ ಬರ್ತಾ ಇಲ್ಲ. ಎರಡರಲ್ಲೂ 'ಳ' ಇದೆ, ನಾಲಿಗೆ ಮಡಚೋಕೆ ಆಗ್ತಿಲ್ಲವೇನೋ. ನರಕ್ಕೇನಾದ್ರೂ ತೊಂದರೆಯಾ ಅಂತ ಬೆಳಗಾವಿಯಲ್ಲಿ ಒಂದು ಸ್ಕ್ಯಾನ್ ಮಾಡಿಸೋಣ. ಗಾಬರಿ ಆಗಬೇಡಿ."

ಕ್ಯಾನ್ಸರ್ ಹೊಕ್ಕು ಹೋದ ಮನೆಯವರಿಗೆ ಸ್ಕ್ಯಾನ್ ಎಂದು ಹೇಳಿ ಗಾಬರಿಯಾಗಬೇಡಿ ಎಂದರೆ ಹೇಗೆ? ಬಾಳೇಶ ಗೋಡೆ ಹಿಡಿದು ಸ್ಟೂಲಿನ ಮೇಲೆ ಕೂತ. ಆರು ವರ್ಷದ ಹಿಂದೆ ಬೆಳಗಾವಿಯಲ್ಲಿ ಕಂಡಿದ್ದ ಅದೇ ಮುಖವನ್ನು ದುಂಡವ್ವ ಮತ್ತೆ ಕಂಡಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಒಣಗಿದ ದನಿಯಲ್ಲಿ ಕೇಳಿದ.

"ಯಾವ ಎರಡ ಮಾತುರೀ, ಡಾಕ್ಟರಬಾಯಾರ?"

ಡಾಕ್ಟರು ಹಾಳೆ ತೋರಿಸಿದಳು. ಒಂದು ಬಾಳೆಹಣ್ಣು, ಅದರ ಕೆಳಗೆ, ಅವಳೇ ಚೀಟಿ ನೋಡಿ ಬರೆದುಕೊಂಡಿದ್ದ ಹೆಸರು, ಬಾಳೇಶ. ಬಾಳೇಶ ಹಣ್ಣನ್ನು ನೋಡಿದ, ಹೆಸರನ್ನು ಓದಿದ, ಹೆಂಡತಿಯನ್ನು ನೋಡಿದ. ಹೆಂಡತಿ ನೆಲ ನೋಡುತ್ತಿದ್ದಳು. ಮೊದಲು ಅವನ ಮೀಸೆ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಹೊರಗಿನ ಬೆಂಚಿನವರೆಲ್ಲ ಎದ್ದು ನಿಲ್ಲುವ ಹಾಗೆ ನಕ್ಕ.

"ಅಲ್ರೀ ಬಾಯಾರ, ನಮ್ಮ ಕಡೆ ಹೆಣ್ಮಕ್ಳು ಗಂಡನ ಹೆಸರ ಹಂಗ ಹೇಳೂದಿಲ್ರಿ! ಇಕಿ ನಾಲಿಗಿಗಿ ಏನೂ ಆಗಿಲ್ಲ. ದಿನಾ ಜ್ವಾಳಾ ಅಂತಾಳ, ಬ್ಯಾಳಿ ಅಂತಾಳ, ನನಗ ಆಳಸಿ ಅಂತಾಳ. ಎಲ್ಲಾದರಾಗೂ ಐತಲ್ರಿ ನಿಮ್ಮ 'ಳ'!"

"ಬಾಳೆಹಣ್ಣು?"

"ಅದರಾಗೂ ನಾನ ಅದೀನ್ರಿ!"

ನರ್ಸು ಸೆರಗಿಲ್ಲದಿದ್ದರೂ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಡಾಕ್ಟರು ತಲೆ ಮೇಲೆ ಕೈ ಹೊತ್ತಳು. ಬರೆದಿಟ್ಟಿದ್ದ ಸ್ಕ್ಯಾನಿನ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದಳು. "ಇಷ್ಟು ತಿಂಗಳು ಒಂದು ಮಾತು ಹೇಳೋದಲ್ವಾ ಅಮ್ಮಾ?"

"ನಿಮಗ ಗೊತ್ತಿರತೈತಿ ಅಂದ್ಕೊಂಡಿದ್ನಿರಿ" ಎಂದಳು ದುಂಡವ್ವ.

"ಸರಿ, ಹಾಗಾದ್ರೆ ನಿಮ್ಮ ಪದ್ಧತಿ ಪ್ರಕಾರ ಒಡಪಿನಲ್ಲೇ ಹೇಳಿಬಿಡಿ. ತಂತಿ ತೆಗೆಯೋ ಮುಂಚೆ ಅದೊಂದು ನಾನು ಕೇಳಬೇಕು."

ಬಾಳೇಶನ ನಗು ಇನ್ನೂ ಮುಗಿದಿರಲಿಲ್ಲ. ದುಂಡವ್ವನ ಮುಖ ಮಾತ್ರ ಸಪ್ಪಗಾಯಿತು. ನಿಜ ಹೇಳಬೇಕೆಂದರೆ, ಪದ್ಧತಿಯ ಮಾತು ಅರ್ಧ ಮಾತ್ರ. ಕೊಗನೊಳ್ಳಿಯ ಆ ದಿನದ ಮೇಲೆ ಅವಳು ಆ ಹೆಸರನ್ನು ಒಬ್ಬಳೇ ಇದ್ದಾಗ, ತುಟಿಯೊಳಗೆ ಕೂಡ, ಹೇಳಿ ನೋಡಿರಲಿಲ್ಲ. ಬಸ್ಸು, ಬೆಲ್ಲ ಸರಿ ಬಂದವೆಂದು ಅದೂ ಬರುತ್ತದೆಂದು ಯಾವ ಖಾತ್ರಿ? ಬೆಲ್ಲ ವೆಲ್ಲವಾದರೆ ಯಾರ ಮೀಸೆಯೂ ಇಳಿಯುವುದಿಲ್ಲ.

"ಮದಿವಿ ದಿನಾ ಹೇಳತೇನ್ರಿ. ಖಾಲಿ ಪೀಲಿ ಹೇಳೂ ಮಾತಲ್ಲ ಅದು. ನೀವೂ ಬರ್ರಿ" ಎಂದಳು.

ಡಾಕ್ಟರು ನಗು ನಿಲ್ಲಿಸಿ, "ಬರ್ತೀನಿ" ಎಂದಳು.

ಆ ಹತ್ತು ದಿನ ದುಂಡವ್ವ ಶ್ಯಾವಿಗೆ ಒಣಗಿಸಿದಳು, ಹಂದರಕ್ಕೆ ಮಾವಿನ ಎಲೆ ಕಟ್ಟಿಸಿದಳು, ಮನಸ್ಸಿನಲ್ಲಿ ಒಡಪು ಕಟ್ಟಿದಳು. ಪ್ರಾಸವೇನೋ ತಾನಾಗಿ ಒದಗಿ ಬಂತು. ಹೆಸರನ್ನು ಹೇಳಿ ನೋಡೋಣವೆಂದು ಒಂದು ಮುಂಜಾನೆ ಆಡಿನ ಕೊಟ್ಟಿಗೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬಾಯಿ ತೆರೆದಳು. ಹದಿನೈದು ಆಡುಗಳೂ ಮೇಯುವುದು ಬಿಟ್ಟು ಅವಳನ್ನೇ ನೋಡಿದವು. ಅವಕ್ಕೆ ಎರಡು ಬೈಗುಳ ಬೈದು ಹೊರಗೆ ಬಂದಳು.

ಮದುವೆ ರಾಯಬಾಗದಲ್ಲಿ ಮುಗಿದು, ಮಧ್ಯಾಹ್ನ ಮೂರಕ್ಕೆ ವಧೂವರರ ಗಾಡಿ ಏಕಸಂಬಿಗೆ ಬಂತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಅದರಾಚೆ ಅರಿಶಿಣ ಸೀರೆಯ ಕೋಮಲ, ಪಕ್ಕದಲ್ಲಿ ಬಾಸಿಂಗದ ಲಖನ. ಒಳಗೆ ಆರತಿ ತಟ್ಟೆ ಹಿಡಿದ ದುಂಡವ್ವ. ಹೆಂಗಸರ ಗುಂಪಿನಲ್ಲಿ ಡಾಕ್ಟರ್ ಸೌಂದರ್ಯಾ, ಯಾರೋ ಒತ್ತಾಯದಿಂದ ಮುಡಿಸಿದ ಅಬ್ಬಲಿಗೆ ಹೂವಿನೊಂದಿಗೆ. ಮಲಕವ್ವ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಮದಲ ಅತ್ತಿ, ಆಮ್ಯಾಲ ಸೊಸಿ. ಹೆಸರ ಹೇಳೂತನಕ ಯಾರನೂ ಬಿಡೂದಿಲ್ಲ. ಹೂಂ, ವೈನಿ!"

ಗದ್ದಲ ಅಡಗಿತು. ಎಲ್ಲರ ಕಣ್ಣೂ ತನ್ನ ಬಾಯಿಯ ಮೇಲಿದೆ ಎಂದು ದುಂಡವ್ವನಿಗೆ ಗೊತ್ತಿತ್ತು. ಕೊಗನೊಳ್ಳಿಯಲ್ಲಿ ನಕ್ಕ ಹುಡುಗಿಯೂ ಅಲ್ಲೇ ಇದ್ದಳು, ಕಂಕುಳಲ್ಲಿ ಕೂಸು ಎತ್ತಿಕೊಂಡು. ದುಂಡವ್ವ ಸೆರಗು ಎಳೆದುಕೊಂಡಳು. ತುಟಿ ಕೂಡಿಸಿದಳು. ಕೂಡಿದ ತುಟಿ ಬಿಚ್ಚಲಿಲ್ಲ. ಹಿಂದಿನಿಂದ ಯಾರೋ "ಇರಲಿ ಬಿಡ್ರಿ, ಪಾಪ" ಎಂದರು. ಆ ಪಾಪ ಎಂಬ ಮಾತು ಅವಳಿಗೆ ಚೇಳಿನಂತೆ ಕುಟುಕಿತು.

ಗಂಡಸರು ಒಡಪಿನ ಜಾಗಕ್ಕೆ ಬರುವ ರೂಢಿಯೇ ಇಲ್ಲ. ಆದರೆ ಹಂದರದಲ್ಲಿದ್ದ ಬಾಳೇಶ ಎದ್ದು ಹೆಂಗಸರ ಹಿಂದೆ ಬಂದು ನಿಂತಿದ್ದ. ಅಲ್ಲಿಂದಲೇ ಕೂಗಿದ.

"ಹೆಂಗರ ಹೇಳಲೇ ದುಂಡಿ. ಸೊಟ್ಟ ಹೇಳಿದರೂ ಅದು ನನ್ನ ಹೆಸರ. ನಾ ಓ ಅಂತೇನಿ!"

ಹೆಂಗಸರು ಘೊಳ್ಳೆಂದರು. ಆ ನಗುವಿನಲ್ಲಿ ಯಾರೂ ದುಂಡವ್ವನನ್ನು ನೋಡುತ್ತಿರಲಿಲ್ಲ, ಎಲ್ಲರೂ ಬಾಳೇಶನನ್ನು ನೋಡುತ್ತಿದ್ದರು. ಅವನು ಮಾತ್ರ ಅವಳನ್ನು ನೋಡುತ್ತಿದ್ದ. ದುಂಡವ್ವ ಉಸಿರೆಳೆದುಕೊಂಡಳು.

"ದವಾಖಾನಿ ಬಾಗಲದಾಗ ಕುಂತವರು ಕದಲಲಿಲ್ಲ ಒಂದ ನಿಮಿಷ,
ಮಗಾ ಸೊಸಿ ಬಂದಾರ ಹೊಸ್ತಿಲಿಗಿ, ನಮ್ಮ ಮನಿಯವರು ಬಾಳೇಶ!"

ಬಾಳೇಶ. ಎರಡೂ ತುಟಿ ಗಟ್ಟಿಯಾಗಿ ಕೂಡಿ, ಬಿಚ್ಚಿ, ಹೆಸರು ಪೂರ್ತಿಯಾಗಿ ಹೊರಬಂತು. ಗೋಡೆಯಾಚೆ ನಿಂತವರಿಗೂ ಕೇಳಿತು. ಚಪ್ಪಾಳೆ ಬಿತ್ತು, ಕೂಸು ಎತ್ತಿಕೊಂಡ ಹುಡುಗಿಯೇ ಮೊದಲು ಹೊಡೆದಳು. ಡಾಕ್ಟರು ಎಲ್ಲಿದ್ದೇನೆಂಬುದನ್ನು ಮರೆತು "ಪಾಸ್!" ಎಂದು ಕೂಗಿದಳು.

ಓ ಎನ್ನುತ್ತೇನೆಂದವನು ಓ ಎನ್ನಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ, ಬಿಸಿಲಿನ ನೆವ ಹೇಳಲು ಅಲ್ಲಿ ಬಿಸಿಲೂ ಇರಲಿಲ್ಲ. "ಅಣ್ಣಾ, ಓ ಅನ್ನೋ!" ಎಂದು ಮಲಕವ್ವ ಅಣಕಿಸಿದಳು. ಅವನು ಟವೆಲಿನ ಇನ್ನೊಂದು ತುದಿ ಹುಡುಕಿದ.

ದುಂಡವ್ವ ಕಾದಳು. ಆ ಹೆಸರಿನ ರುಚಿ ಇನ್ನೂ ಬಾಯಲ್ಲೇ ಇತ್ತು. ನಾಲ್ಕೈದು ವರ್ಷ ಬಿಟ್ಟಿದ್ದು, ಒಂದೇ ಸಲಕ್ಕೆ ಸಾಕಾಗುವುದು ಹೇಗೆ? ತಟ್ಟೆಯನ್ನು ಮಲಕವ್ವನ ಕೈಗೆ ಕೊಟ್ಟು, ಹೊಸ್ತಿಲಿಗೆ ಒಂದು ಹೆಜ್ಜೆ ಬಂದು, ಪ್ರಾಸವಿಲ್ಲದೆ, ಸೆರಗೂ ಎಳೆದುಕೊಳ್ಳದೆ, ಹೊಲದಲ್ಲಿದ್ದವನನ್ನು ಊಟಕ್ಕೆ ಕರೆಯುವ ದನಿಯಲ್ಲಿ ಕರೆದಳು.

"ಬಾಳೇಶಾ!"

ಹೆಂಗಸರೆಲ್ಲ ಬಾಯಿಯ ಮೇಲೆ ಬೆರಳಿಟ್ಟುಕೊಂಡರು.

"ಓ" ಎಂದ ಬಾಳೇಶ.